ಹಾಲಿನಾಗ ತಗೋ ಅಂದಿದ್ದಿ

ಬಾಗಲಕೋಟೆ
18 ಜುಲೈ 1983

ಸಣ್ಣವ್ವನ ಪಾದಗಳಿಗೆ ಶರಣು.

ನಾನು ಕ್ಷೇಮವೆಂದು ಬರೆಯಬೇಕು, ಆದರೆ ಅದು ಪೂರ್ತಿ ಖರೆ ಆಗುವುದಿಲ್ಲ. ಬಿ.ಎಸ್ಸಿ. ಫಸ್ಟ್ ಇಯರ್ ಕ್ಲಾಸುಗಳು ಶುರುವಾಗಿವೆ. ಹಾಸ್ಟೆಲ್ಲಿನಲ್ಲಿ ಹನ್ನೊಂದನೇ ನಂಬರಿನ ಖೋಲಿ ಕೊಟ್ಟಿದ್ದಾರೆ. ಅಪ್ಪನ ರೈಲ್ವೆ ವರ್ಗಾವಣೆಗಳ ದೆಸೆಯಿಂದ ಐದನೇ ಇಯತ್ತೆಯಿಂದಲೇ ಹಾಸ್ಟೆಲ್ ಊಟ ಉಂಡವಳಿಗೆ ಟ್ರಂಕು ಇಡುವ ಮೂಲೆ, ಬಚ್ಚಲಿನ ಪಾಳಿ ಯಾವುದೂ ಹೊಸದಲ್ಲ. ಹೊಸದು ನನ್ನ ಮುಖ.

ಮುಖದ ತುಂಬ ಮೊಡವೆ, ಸಣ್ಣವ್ವ. ಎಡಗಲ್ಲದ ಮೇಲೆಯೇ ಹದಿನೇಳು. ಕೆಲವು ಕೆಂಪು, ಕೆಲವಕ್ಕೆ ಕೀವು. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂನವಳು ಎಂದು ಮೊದಲೇ ಎಲ್ಲರೂ ನೋಡುತ್ತಾರೆ, "ಮೇಮ್‌ಸಾಬ್ ಬಂದ್ರು" ಅನ್ನುತ್ತಾರೆ. ಮೇಮ್‌ಸಾಬಿಗೆ ಇಂಥ ಮುಖ ಇರುತ್ತದೆಯೇ?

ನನ್ನ ಜೋಡಿ ಇರುವವಳು ಇಲಕಲ್ಲಿನ ಕಾಸಿಂಬಿ. ಅವಳ ಅಪ್ಪ ಅಬ್ದುಲಸಾಬರು ಅಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ಅವಳ ಬಿಸ್ಕಿಟ್ ಡಬ್ಬಿಯಲ್ಲಿ ಅರ್ಧ ಹಳದಿ, ಅರ್ಧ ಕೆಂಪು ಬಣ್ಣದ ಕ್ಯಾಪ್ಸೂಲುಗಳಿವೆ. ಟೆಟ್ರಾಸೈಕ್ಲಿನ್ ಅಂತೆ. ನಮ್ಮ ಸಾಲಿನ ಹುಡುಗಿಯರೆಲ್ಲ ಅದರಿಂದಲೇ ತೆಗೆದುಕೊಳ್ಳುವುದು. ಮೊಡವೆ ಎದ್ದರೆ ಎರಡು ದಿನ ನುಂಗುವುದು, ಇಳಿದರೆ ಬಿಡುವುದು. ಯಾರಾದರೂ ಹೊಸದು ತಂದರೆ ಡಬ್ಬಿಗೆ ಹಾಕುವುದು. ನಾನೂ ತೆಗೆದುಕೊಳ್ಳಲೇ? ನೀನು ಹೇಳದೆ ನನಗೆ ಧೈರ್ಯ ಬರುವುದಿಲ್ಲ.

ನಿನ್ನ
ಬನಶಂಕರಿ

*

ಹುನಗುಂದ
24 ಜುಲೈ 1983

ಬನಿ,

ನಿನ್ನ ಟಪಾಲು ಮುಟ್ಟಿತು. ಮೊದಲ ಎರಡು ಸಾಲು ಓದಿ, ಯಾವುದೋ ಆಫೀಸಿನಿಂದ ನೋಟೀಸು ಬಂತೇನೋ ಅಂತ ಹೊರಳಿಸಿ ಹೆಸರು ನೋಡಿದೆ. ಮನ್ಯಾಗ ಮಾತಾಡಿದಂಗ ಬರಿ. ನಾ ಏನು ನಿನ್ನ ಪ್ರಿನ್ಸಿಪಾಲ ಅಲ್ಲ.

ಮೊಡವಿಗೆ ಅಳೂದು ಏನೈತಿ? ನಿಮ್ಮವ್ವಗೂ ಎದ್ದಿದ್ದವು, ನನಗೂ ಎದ್ದಿದ್ದವು. ನಮ್ಮ ಕಾಲಕ್ಕ ಕನ್ನಡಿ ಸಣ್ಣವು ಇದ್ದವು, ಅಷ್ಟ ಫರಕು.

ಆ ಗುಳಿಗಿ ಛಲೋ ಔಷಧ. ಆದರ ಅದೇನು ಚುರುಮುರಿ ಅಲ್ಲ, ಡಬ್ಬಿಗೆ ಕೈ ಹಾಕಿ ಮುಕ್ಕೂದಕ್ಕ. ಅಲ್ಲೇ ಡಾಕ್ಟರಿಗೆ ತೋರಿಸಿ ಬರಸ್ಕೊ. ದಿನಕ್ಕ ಎರಡು, ಹದಿನೈದು ದಿನ. ಇಳೀಲಿ, ಬಿಡಲಿ, ಮುಗಿಸಬೇಕು. ಇದರಾಗ ಒಂದು ದಾರ ಇಟ್ಟೇನಿ ನೋಡು, ಮೂವತ್ತು ಗಂಟು ಅದಾವ. ಒಂದು ಗುಳಿಗಿ ನುಂಗಿದರ ಒಂದು ಗಂಟು ಬಿಚ್ಚೂದು. ನಮ್ಮ ಕಡೆ ಬರೂ ಮಂದಿಗೆ ಚೀಟಿ ಓದಾಕ ಬರೂದಿಲ್ಲ, ಆದರ ನೇಕಾರ ಮಂದಿ, ದಾರದ ಲೆಕ್ಕಾ ಎಂದೂ ತಪ್ಪೂದಿಲ್ಲ. ಗಂಟು ಉಳಿದ ದಾರ ತಂದರ ನಾ ಮಾತಾಡಸೂದಿಲ್ಲ. ಅದು ಊರಿಗೆಲ್ಲಾ ಗೊತ್ತು.

ಮತ್ತ, ಹಾಲಿನಾಗ ತಗೋ. ಆ ಗುಳಿಗಿ ಭಾಳ ಕಾವು, ಹೊಟ್ಟಿ ಸುಡತೈತಿ. ಹಾಲು ಸಿಗಲಿಲ್ಲಂದರ ಒಂದು ವಾಟಗಾ ಮಜ್ಜಿಗಿ. ಈ ದವಾಖಾನ್ಯಾಗ ನರ್ಸ್ ಆಗಿ ಇಪ್ಪತ್ತೆರಡು ವರ್ಷ ಆತು, ಒಬ್ಬರಿಗೂ ಬರೇ ನೀರಾಗ ತಗೋ ಅಂತ ಹೇಳಿಲ್ಲ ನಾ.

ಸಣ್ಣವ್ವ

*

ಬಾಗಲಕೋಟೆ
14 ಸೆಪ್ಟೆಂಬರ್ 1983

ಸಣ್ಣವ್ವಾ,

ನೀ ಹೇಳಿದಂಗ ಮನೀ ಮಾತಿನಾಗ ಬರೀತೇನಿ. ತಪ್ಪು ಆದರ ನಗಬ್ಯಾಡ, ನನ್ನ ಕನ್ನಡ ಅರ್ಧ ಹಾಸ್ಟೆಲ್ಲಿಂದು.

ಗಣಪತಿ ಹಬ್ಬಕ್ಕ ಮೂರು ದಿನ ನಿನ್ನ ಜೋಡಿ ಇದ್ದು ಬಂದ ಮ್ಯಾಲೆ ಇಲ್ಲಿ ಯಾವುದರಾಗೂ ಇಂಟರೆಸ್ಟ್ ಬರವಲ್ದು. ಆ ಎರಡನೇ ದಿನ ಮುಂಜಾನಿ ಹೆರಿಗಿಗೆ ಬಂದಾಕಿನ್ನ ನೆನಸ್ಕೊಂಡು ಕುಂದರ್ತೇನಿ. ಆಕಿ ಒದರ್ತಿದ್ದಳು, ಆಕಿ ಅತ್ತಿ ಅಳತಿದ್ದಳು, ನಾ ಬಾಗಿಲಿನಾಗ ನಿಂತು ನೋಡತಿದ್ದೆ. ನೀ ಒಂದು ಕೈಬಟ್ಟಿಲೆ ಮುಟ್ಟಿ ನೋಡಿ, "ತಲಿ ತಿರಗೇತಿ. ಇನ್ನ ಒಂದು ತಾಸು. ಯಾರರ ಚಾ ಇಡ್ರಿ" ಅಂದಿ. ನಾ ವಾಚ್ ನೋಡಿದೆ. ಐವತ್ತೆಂಟು ನಿಮಿಷಕ್ಕ ಕೂಸು ಬಂತು! ಇಲ್ಲಿ ನಮಗ ಥರ್ಮಾಮೀಟರ್, ಸ್ಕೇಲು, ಬ್ಯಾಲೆನ್ಸು ಎಲ್ಲಾ ಐತಿ, ಆದರೂ ರಿಸಲ್ಟ್ ಮೂರು ಸಲ ಮೂರು ಥರ ಬರತೈತಿ. ನಿನ್ನ ಬಲಗೈ ತೋರುಬಟ್ಟಿನ ತುದಿಗೆ ಕಣ್ಣು ಅದಾವೇನು?

ಸಂಜಿಕ್ಕ ಅದ ಕೈಲೆ ಬಿಸಿನೀರಾಗ ಅರಬಿ ಅದ್ದಿ ನನ್ನ ಮಾರಿ ಒರಸಿದಿ, ಕೀವಾದವನ್ನ ಹಗೂರಕ ಒತ್ತಿ ತಗದಿ. ಇಷ್ಟು ದಿನದಾಗ ಈ ಮಾರಿಯನ್ನ ಹೇಸದ ಮುಟ್ಟಿದಾಕಿ ನೀ ಒಬ್ಬಾಕಿ.

ಇಳಿದ ಮೊಡವಿ ಮತ್ತ ಯಾಕ ಎದ್ದಾವ ಅಂತ ಕೇಳಿದ್ಯಲ್ಲಾ, ನನಗೂ ತಿಳೀವಲ್ದು. ದಾರದಾಗಿನ ಗಂಟೆಲ್ಲಾ ಬಿಚ್ಚೇನಿ. ಹಾಲಿನಾಗ ತಗೊಂಡೇನಿ.

ನಿನ್ನ
ಬನಿ

*

ಹುನಗುಂದ
22 ಸೆಪ್ಟೆಂಬರ್ 1983

ಬನಿ,

ಒಂದು ಹೆಣ್ಣುಮಗಳಿಗೆ ಹೊಲಿಗಿ ಹಾಕೂ ಮುಂದ ಸೂಜಿ ಬಲಗೈ ತೋರುಬಟ್ಟಿಗೆ ಚುಚ್ಚಿತು. ಜರಾ ಬಾತೈತಿ, ದೊಡ್ಡದೇನಲ್ಲ. ನೀ ತಗೊಳ್ಳೂ ಅವ ಗುಳಿಗಿ ಶುರು ಮಾಡೇನಿ, ಹಾಲಿನಾಗ. ನಿನಗ ಇನ್ನೊಂದು ದಾರ ಕಳಿಸೇನಿ. ಈ ಸಲ ನೆಟ್ಟಗ ಮುಗಿಸು.

ಸಣ್ಣವ್ವ

*

ಬಾಗಲಕೋಟೆ
3 ಅಕ್ಟೋಬರ್ 1983

ಸಣ್ಣವ್ವಾ,

ಇದನ್ನ ಹೆಂಗ ಬರೀಬೇಕು ತಿಳೀವಲ್ದು. ಇಷ್ಟು ದಿನ ನಾವು ಬಿಡಿ ಗುಳಿಗಿ ತರ್ತಿದ್ವಿ. ನಿನ್ನೆ ಮೊದಲನೇ ಸಲ ಪೂರಾ ಡಬ್ಬಿ ಕೊಂಡೆ. ಒಳಗ ಉಳ್ಳಾಗಡ್ಡಿ ಸಿಪ್ಪಿಯಂಥಾ ತೆಳು ಕಾಗದ ಮಡಚಿ ಇಟ್ಟಿದ್ದರು, ಇರಿವಿಯಂಥಾ ಇಂಗ್ಲಿಷ್ ಅಕ್ಷರ. ಖೋಲ್ಯಾಗ ಅದನ್ನ ಓದಾಕ ಬರೂದು ನನಗೊಬ್ಬಾಕಿಗೆ. ಓದಿದೆ. ಹಾಲು, ಮೊಸರು, ಮಜ್ಜಿಗಿ ಯಾವುದರ ಜೋಡೀನೂ ತಗೋಬಾರದಂತ. ಹಾಲಿನಾಗಿನ ಸುಣ್ಣದ ಅಂಶ ಔಷಧವನ್ನ ಹಿಡಕೊಂಡು ಬಿಡತೈತಿ, ಮೈಗೆ ಹತ್ತಗೊಡೂದಿಲ್ಲ. ನುಂಗಿದ್ದರಾಗ ಎಷ್ಟೋ ಭಾಗ ಬರೇ ಹೊಟ್ಟಿ ಹಾದು ಹೊರಗ ಹೋಗತೈತಿ.

ಬಾಟನಿ ಕಲಿಸೂ ರಾಚಯ್ಯ ಸರ್‌ಗೆ ತೋರಿಸಿದೆ. "ಖರೆ ಐತಿ. ಯಾರು ಹೇಳಿದ್ರು ನಿನಗ ಹಾಲಿನಾಗ ತಗೋ ಅಂತ?" ಅಂದ್ರು. ನಾ ಕಾಗದ ಮಡಚಿಕೊಂಡೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ನೀ ಎಲ್ಲಾರಿಗೂ ಹೇಳಿದ್ದು ತಪ್ಪು ಅಂತ ಮೊನ್ನೆ ಮೊನ್ನೆ ಕಾಲೇಜಿಗೆ ಬಂದಾಕಿ ನಾ ಹೆಂಗ ಹೇಳಲಿ? ನನಗ ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದಾಕಿ ನೀ. "ಆಕಿ ಓದಲಿ, ಬಿಡಸಬ್ಯಾಡ" ಅಂತ ಅಪ್ಪನ ಜೋಡಿ ಜಗಳಾಡಿದಾಕಿ ನೀ. ಆ ಇಂಗ್ಲಿಷ್ ಕಲಿತು ನಿನಗ ತಿರುಗಿ ಹೇಳೂದೇನು?

ಆಗೂದಿಲ್ಲ. ಇದನ್ನ ಪೋಸ್ಟ್ ಮಾಡೂದಿಲ್ಲ. ಬಾಟನಿ ರೆಕಾರ್ಡಿನಾಗ ಇಡ್ತೇನಿ.

*

ಬಾಗಲಕೋಟೆ
3 ಅಕ್ಟೋಬರ್ 1983

ಸಣ್ಣವ್ವಾ, ಶರಣು.

ನಿನ್ನ ಪತ್ರ ನಾಕ ಸಾಲು ಇತ್ತು, ಅಕ್ಷರನೂ ಸೊಟ್ಟ ಇದ್ದವು. ಅವಸರದಾಗ ಬರದೀಯೋ, ನನ್ನ ಮ್ಯಾಲೆ ಸಿಟ್ಟಾಗೀಯೋ? "ನೆಟ್ಟಗ ಮುಗಿಸು" ಅಂದಿದ್ದನ್ನ ಮೂರು ಸಲ ಓದಿದೆ. ಇಲ್ಲಿ ಎಲ್ಲಾ ಛಲೋ ಐತಿ. ಟೆಸ್ಟ್ ಬಂದಾವ. ಊರಾಗ ಡ್ಯಾಮಿನ ನೀರು ಒಂದು ದಿನ ಪ್ಯಾಟಿ ತನಕ ಬರತೈತಂತ ಮಾತಾಡಾಕತ್ತಾರ, ಯಾರೂ ನಂಬವಲ್ರು.

ಬಟ್ಟು ಹೆಂಗೈತಿ? ಗುಳಿಗಿಯನ್ನ ಬರೇ ನೀರಾಗ ತಗೊಂಡರೂ ನಡೀತೈತಂತ ಯಾರೋ ಅಂದ್ರು. ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ನೀರು ಕುಡಿ. ನೀರು ಯಾವಾಗಲೂ ಛಲೋ.

ಬನಿ

*

ಹುನಗುಂದ
11 ಅಕ್ಟೋಬರ್ 1983

ಬನಶಂಕರಿಗೆ,

ಇದನ್ನ ನಮ್ಮ ಕಂಪೌಂಡರ ಕಾಳಪ್ಪನ ಕಡೆ ಬರಸಾಕತ್ತೇನಿ, ನನಗ ಕೆಲಸ ಭಾಳ. ನಿನ್ನ ಮ್ಯಾಲೆ ನನಗ್ಯಾಕ ಸಿಟ್ಟು? ಯಾರೋ ಏನೋ ಅಂದ್ರಂತ ನೀರಾಗ ತಗೋಬ್ಯಾಡ, ಹೊಟ್ಟಿ ಕೆಡಸ್ಕೋತಿ. ಹಾಲಿನಾಗ ತಗೋ. ಟೆಸ್ಟ್ ಛಲೋ ಬರಿ. ನನ್ನ ಬಟ್ಟಿನ ಚಿಂತಿ ಬಿಡು.

ಸಣ್ಣವ್ವ

(ತಂಗೀ, ಇದು ನಾ ಕಾಳಪ್ಪ ಬರೆಯೂದು. ನರ್ಸ್ ಬಾಯಾರು, ನಿಮ್ಮ ಸಣ್ಣವ್ವಾರು, ಕೈ ತೊಳ್ಯಾಕ ಎದ್ದು ಹೋಗ್ಯಾರ. ಅವರ ಬಟ್ಟು ಬದನಿಕಾಯಿ ಆಗೇತಿ. ಉಗುರಿನ ಬುಡದಾಗ ಕೀವು, ಕೆಂಪು ಅಂಗೈ ತನಕ ಇಳದೈತಿ. ಅದ ಗುಳಿಗಿ ಒಂದು ಸಲ ಪೂರಾ ಮುಗಿಸಿ ಎರಡನೇ ಸಲ ಶುರು ಮಾಡ್ಯಾರ. ಪ್ರತಿ ಸಲ ನಾನ ಹಾಲು ಕಾಸಿ ಕೊಡ್ತೇನಿ, ಒಂದೂ ತಪ್ಪಿಸಿಲ್ಲ, ಆದರೂ ಇಳೀವಲ್ದು. ಇಲಕಲ್ಲಿನಿಂದ ಬರೂ ಡಾಕ್ಟರು ಇನ್ನೊಂದು ವಾರ ನೋಡೂಣು, ಇಲ್ಲಾಂದರ ಬಟ್ಟು ತಗೀಬೇಕಾಗತೈತಿ ಅಂದಾರ. ತೋರುಬಟ್ಟು ಹೋದರ ಬಾಯಾರು ಹೆರಿಗಿ ಹೆಂಗ ಮಾಡಸಬೇಕು? ನಾ ಹೇಳೇನಿ ಅಂತ ಹೇಳಬ್ಯಾಡವ್ವಾ.)

*

ಬಾಗಲಕೋಟೆ
15 ಅಕ್ಟೋಬರ್ 1983, ಮುಂಜಾನೆ

ಸಣ್ಣವ್ವಾ,

ಇದನ್ನ ಹುನಗುಂದದ ಬಸ್ಸಿನ ಕಂಡಕ್ಟರನ ಕೈಯಾಗ ಕೊಟ್ಟು ಕಳಿಸಾಕತ್ತೇನಿ, ಟಪಾಲು ತಡಾ ಆಗತೈತಿ. ನಾನ ಬರ್ತಿದ್ದೆ. ಅಪ್ಪನ ಚೀಟಿ ಇಲ್ಲದ ವಾರ್ಡನ್ ಬಿಡವಲ್ರು. ಕಾಳಪ್ಪಗ ಬೈಬ್ಯಾಡ, ಅಂವ ಹೇಳಿದ್ದು ಛಲೋ ಆತು. ಇದರಾಗ ಇನ್ನೊಂದು ಪತ್ರ ಇಟ್ಟೇನಿ, ಅಕ್ಟೋಬರ್ 3ನೇ ತಾರೀಖಿಂದು. ಬರೆದು ಹಾಕಲಿಲ್ಲ. ಅದನ್ನ ಮೊದಲ ಓದು, ಆಮ್ಯಾಲೆ ಇದನ್ನ ಓದು.

ಓದಿದೆಯಾ? ಹನ್ನೆರಡು ದಿನ ಗೊತ್ತಿದ್ದೂ ಸುಮ್ಮನಿದ್ದೆ. ಅಷ್ಟೂ ದಿನ ನೀ ಹಾಲಿನಾಗ ತಗೊಂಡಿ.

ಎರಡನೇದು. ಮೊದಲನೇ ದಾರದಾಗ ನಾ ಗುಳಿಗಿ ನುಂಗಿ ಬಿಚ್ಚಿದ್ದು ಹನ್ನೊಂದ ಗಂಟು. ಮೊಡವಿ ಇಳದಿದ್ದವು, ಉಳಿದ ಗುಳಿಗಿ ಡಬ್ಬಿಗೆ ಹಾಕಿದೆ. ನಿನ್ನ ಕಡೆ ಬರೂ ಮುಂದ ಹತ್ತೊಂಬತ್ತು ಗಂಟು ಒಂದ ಸಲಕ್ಕ ಕೂತು ಬಿಚ್ಚಿದೆ. ಮತ್ತ ಎದ್ದಾಗ ಮತ್ತ ನಾಕು ನುಂಗಿದೆ, ಮತ್ತ ಬಿಟ್ಟೆ. ಹಿಂಗ ಐದು ಸಲ ಆಗೇತಿ.

ಮೂರನೇದು ಎಲ್ಲಾಕಿಂತ ಸೀರಿಯಸ್. ರಾಚಯ್ಯ ಸರ್ ಒಂದು ಪ್ರಾಕ್ಟಿಕಲ್ ಮಾಡಿಸಿದ್ರು. ಗಾಜಿನ ತಟ್ಟ್ಯಾಗ ಅಂಟಿನಂಥಾ ಪದಾರ್ಥ ಹಾಕಿ, ಹತ್ತಿಲೆ ಗಲ್ಲಾ ಒರಸಿ ಅದರ ಮ್ಯಾಲೆ ಸವರೂದು. ನಡುವ ಈ ಗುಳಿಗಿ ಕರಗಿಸಿದ ನೀರಾಗ ಅದ್ದಿದ ಸಣ್ಣ ದುಂಡನ್ನ ಕಾಗದ ಇಡೂದು. ನಾ ಒಂದು ತಟ್ಟಿ, ಕಾಸಿಂಬಿ ಒಂದು. ಗುಳಿಗಿ ಎಂದೂ ನುಂಗದವರು ಒಬ್ಬರು ಬೇಕಂತ ಸರ್ ಜವಾನ ಗಾಳೆಪ್ಪನ್ನ ಕರೆದರು. "ನನ್ನ ಗಲ್ಲದಾಗ ಏನ್ ಹುಡುಕ್ತೀರ್ರಿ ಸರ, ನಾ ದಿನಾ ಸಾಬಾಣ ಹಚ್ಚಿ ತೊಳೀತೇನಿ" ಅಂತ ಸಿಟ್ಟಾದ.

ಎರಡು ದಿನಕ್ಕ ತಗದು ನೋಡಿದ್ವಿ. ಗಾಳೆಪ್ಪನ ತಟ್ಟ್ಯಾಗ ಬಿಳೀ ಚುಕ್ಕಿ ಬೆಳದಿದ್ದವು, ಆದರ ಕಾಗದದ ಸುತ್ತ ರೂಪಾಯಿಯಷ್ಟು ಅಗಲ ಏನೂ ಇರಲಿಲ್ಲ, ಸ್ವಚ್ಛ. ಔಷಧ ಅಲ್ಲಿ ತನಕ ಕೊಂದಿತ್ತು. ಕಾಸಿಂಬಿದರಾಗ ಆ ಜಾಗಾ ಉಗುರಿನಷ್ಟು. ನನ್ನದರಾಗ ಜಾಗಾನ ಇಲ್ಲ. ಚುಕ್ಕಿ ಕಾಗದದ ಅಂಚಿಗೆ ಬಂದು ಮೈ ಹತ್ತಿ ಕುಂತಿದ್ದವು. ಚಳಿಗಾಲದಾಗ ಮಂದಿ ಒಲಿ ಸುತ್ತ ಕುಂತಂಗ!

ಹೆದರಿಕಿ ಬಂತು ಸಣ್ಣವ್ವ, ಆದರ ಸುಳ್ಳು ಯಾಕ ಹೇಳಲಿ, ಅವನ್ನ ನೋಡಿ ಒಂಥರಾ ಗೌರವನೂ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣವು. ಸರ್‌ಗೆ, "ನನ್ನ ಬ್ಯಾಕ್ಟೀರಿಯಾ ಕಲಿತಾವ" ಅಂದೆ. "ಅವು ಸಾಲಿಗೆ ಹೋಗಿಲ್ಲವಾ. ಲಕ್ಷದಾಗ ಯಾವೋ ನಾಕು ಮೊದಲ ಗಟ್ಟಿ ಇರ್ತಾವ. ನೀ ಅರ್ಧಾಮರ್ಧ ಔಷಧ ಕೊಟ್ಟು ಮೆತ್ತನವನ್ನ ಕೊಂದಿ, ಜಾಗಾ ಖಾಲಿ ಮಾಡಿ ಗಟ್ಟಿಯವಕ್ಕ ಬಿಟ್ಟುಕೊಟ್ಟಿ. ಈಗ ಊರೆಲ್ಲಾ ಅವರದ" ಅಂದ್ರು. ಇನ್ನೂ ಒಂದು ಅಂದ್ರು. ಮೊಡವಿಯೊಳಗಿನವು ಗಾಳಿ ಇಲ್ಲದ ಕಡೆ ಬೆಳೆಯೂ ಜಾತಿ, ಅವು ಈ ತಟ್ಟ್ಯಾಗ ಬೆಳೆಯೂದಿಲ್ಲ. ಇವು ಚರ್ಮದ ಮ್ಯಾಲೆ ಸುಮ್ಮನ ಇರೂ ಬ್ಯಾರೆ ಜಾತಿ. ಮಾರಿ ಮ್ಯಾಲಿದ್ದರ ಏನೂ ಮಾಡೂದಿಲ್ಲ. ಗಾಯದಾಗ ಹೊಕ್ಕರ ಕೀವು ಮಾಡ್ತಾವ.

ನೀ ಹಬ್ಬದಾಗ ಆ ತೋರುಬಟ್ಟಿಲೆ ನನ್ನ ಗಲ್ಲಾ ಒರಸಿದಿ. ಎಂಟು ಹತ್ತು ದಿನಕ್ಕ ಸೂಜಿ ಚುಚ್ಚಿತು.

ಅದಕ್ಕ ಕೈ ಮುಗೀತೇನಿ. ಗುಳಿಗಿಯನ್ನ ಈಗ ನೀರಾಗ ತಗೊಂಡರೂ ಉಪಯೋಗ ಆಗಲಿಕ್ಕಿಲ್ಲ. ಒಂದು ವಾರ ಕಾಯಬ್ಯಾಡ. ಇದನ್ನ ಹಿಡಕೊಂಡು ಡಾಕ್ಟರ ಕಡೆ ಹೋಗು, ಎಲ್ಲಾ ಹೇಳು, ನನ್ನ ಹೆಸರು ಹೇಳಿ ಬೈದರೂ ನಡೀತೈತಿ. ಕೀವು ಹುಬ್ಬಳ್ಳಿಗೆ ಕಳಿಸಿ ಯಾವ ಔಷಧ ಹತ್ತತೈತಿ ಅಂತ ನೋಡಾಕ ಬರತೈತಂತ, ಸರ್ ಹೇಳಿದ್ರು.

ಬನಿ

*

ಹುನಗುಂದ
17 ಅಕ್ಟೋಬರ್ 1983

ಬನಶಂಕರಿಗೆ,

ಎರಡೂ ಪತ್ರ ಓದಿದೆ. ನಾಳೆ ಇಲಕಲ್ಲಿಗೆ ಹೋಗ್ತೇನಿ. ನೀ ಇಲ್ಲಿಗೆ ಬರಬ್ಯಾಡ. ಟೆಸ್ಟ್ ಬರಿ.

ಸಣ್ಣವ್ವ

*

ಬಾಗಲಕೋಟೆ
27 ಅಕ್ಟೋಬರ್ 1983

ಸಣ್ಣವ್ವಾ,

ಹತ್ತು ದಿನ ಆತು. ಪೋಸ್ಟ್‌ಮನ್ ಈಗ ದೂರದಿಂದನ ನನಗ ಕೈ ಅಲ್ಲಾಡಿಸಿ ಇಲ್ಲ ಅಂತಾನ. ಕೆಮಿಸ್ಟ್ರಿ ಟೆಸ್ಟಿನಾಗ ಮೂರು ಪ್ರಶ್ನೆ ಬಿಟ್ಟು ಬಂದೆ. ಕಾಸಿಂಬಿ, "ನಿಮ್ಮ ಸಣ್ಣವ್ವ ಇಪ್ಪತ್ತೆರಡು ವರ್ಷದ ನರ್ಸು, ನೀ ಮೂರು ತಿಂಗಳ ಬಾಟನಿ. ಬರೆದಿ ನೋಡು ದೊಡ್ಡ ಪತ್ರ!" ಅಂತಾಳ. ಆಮ್ಯಾಲೆ ಆಕಿನ, "ಛಲೋ ಮಾಡಿದಿ ಬಿಡು" ಅಂತಾಳ.

ನನ್ನ ಜೋಡಿ ಎಂದೂ ಮಾತಾಡಬ್ಯಾಡ, ಆದರ ಬಟ್ಟು ಐತೋ ಇಲ್ಲೋ ಅಷ್ಟ ಬರಸು.

ಬನಿ

*

ಹುನಗುಂದ
1 ನವೆಂಬರ್ 1983

ಬನಿ,

ಬಟ್ಟು ಐತಿ.

ಇದನ್ನ ಮೊದಲ ಬರೀಪಾ ಅಂತ ಕಾಳಪ್ಪಗ ಹೇಳಿದೆ. ಇನ್ನು ಉಸಿರು ಬಿಟ್ಟು ಉಳಿದದ್ದು ಓದು.

ನಿನ್ನ ಪತ್ರ ಓದಿದ ದಿನ ನನಗ ಸಿಟ್ಟು ಬಂದಿದ್ದು ಖರೆ. ನಿನ್ನ ಮ್ಯಾಲೆ ಅಲ್ಲ. ಅದು ಯಾರ ಮ್ಯಾಲೆ ಅಂತ ನನಗೂ ತಿಳೀಲಿಲ್ಲ, ಅದಕ್ಕ ನಾಕ ಸಾಲು ಬರಸಿದೆ. ಇಲಕಲ್ಲಿನ್ಯಾಗ ಡಾಕ್ಟರು ಗುಳಿಗಿ ಎರಡರ ಬದಲಿ ನಾಕು ಮಾಡಾಕ ಚೀಟಿ ಬರೀತಿದ್ದರು. ನಾ ನಿನ್ನ ಪತ್ರ ಮುಂದಿಟ್ಟೆ. ನಿಂತಲ್ಲೇ ಓದಿದರು, ಆಮ್ಯಾಲೆ ಕುಂತು ಮತ್ತೊಮ್ಮೆ ಓದಿದರು. ಬರೀತಿದ್ದ ಚೀಟಿ ಹರಿದರು. "ಯಾರ್ರಿ ಈಕಿ?" ಅಂದ್ರು. "ನಮ್ಮ ಹುಡುಗಿ" ಅಂದೆ. "ಎಷ್ಟು ವರ್ಷದ ಡಾಕ್ಟರು?" ಅಂದ್ರು. "ಇನ್ನೂ ಮೊಡವಿ ಏಳೂ ವಯಸ್ಸು" ಅಂದೆ. ನೋವಿನಾಗೂ ನಗು ಬಂತು ನನಗ.

ಅವತ್ತ ಕೀವು ಶೀಶ್ಯಾಗ ಹಾಕಿ ಹುಬ್ಬಳ್ಳಿಗೆ ಕಳಿಸಿದರು. ಉತ್ತರ ಬರೂದರಾಗ ಕಾಯೂದು ಬ್ಯಾಡಂತ ಬ್ಯಾರೆ ಜಾತಿ ಔಷಧದ ಇಂಜೆಕ್ಷನ್ ಶುರು ಮಾಡಿದರು. ಬಟ್ಟು ಸೀಳಿ, ತುದಿಯ ಎಲುಬಿನ ಕೊಳತ ಚೂರು ಕೆರೆದು ತಗದರು. ಐದನೇ ದಿನ ರಿಪೋರ್ಟು ಬಂತು. ನೀ ಬರೆದಂಗ ಇತ್ತು, ಹಳೇ ಗುಳಿಗಿಗೆ ಅದು ಮಣಿಯೂದಿಲ್ಲಂತ. ಹೊಸದಕ್ಕ ಮಣಿದೈತಿ. ಇನ್ನೊಂದು ವಾರ ಹಳೇದನ್ನ ನಂಬಿದ್ದರ ಬಟ್ಟು ಅಲ್ಲ, ಅಂಗೈ ಹೋಗತಿತ್ತು ಅಂದ್ರು. ತುದಿ ಗೆಣ್ಣು ಇನ್ನ ಮಡಚೂದಿಲ್ಲ. ಇರಲಿ. ನೆಟ್ಟಗ ನಿಂತಿರತೈತಿ, ಯಾರಿಗರ ಬುದ್ಧಿ ಹೇಳಾಕ ಬೇಕಾಗತೈತಿ.

ಹೊಳ್ಳಿ ಬಂದ ಮರುದಿನ ಕೈ ಕೊರಳಿಗೆ ಕಟ್ಟಿಕೊಂಡು, ಕಾಳಪ್ಪನ ಕೈಯಾಗ ರಿಜಿಸ್ಟರ್ ಕೊಟ್ಟು ಓಣಿ ಓಣಿ ತಿರಗಾಕ ಹತ್ತೇನಿ. ಯಾರ್‍ಯಾರ ಮನ್ಯಾಗ ಈ ಗುಳಿಗಿ ಐತಿ ಅವರಿಗೆಲ್ಲಾ, "ನಾ ಹಾಲು ಅಂದಿದ್ದು ತಪ್ಪು, ನೀರಾಗ ತಗೋರಿ" ಅಂತ ಹೇಳೂದು. ಮೊದಲನೇ ಮನಿ ಹೊಸ್ತಲಾ ದಾಟೂದು ಭಾಳ ವಜ್ಜ ಆತು ಬನಿ. ಎರಡನೇದು ಅಷ್ಟು ಆಗಲಿಲ್ಲ. ಹನಮವ್ವ, "ನೀವು ಹಾಲು ಅಂದ್ರಿ ಅಂತ ಎಮ್ಮಿ ತಗೊಂಡೇವ್ರಿ ಬಾಯಾರ, ಈಗ ಎಮ್ಮಿ ಏನು ಮಾಡೂಣು?" ಅಂದಳು. ಮುದುಕ ದುರಗಪ್ಪ ಅಂದದ್ದು ಮಾತ್ರ ಮನಸಿನಾಗ ಉಳೀತು. "ನಮ್ಮ ಮನ್ಯಾಗ ಹಾಲು ಎಲ್ಲಿಂದ ಬರಬೇಕ್ರಿ? ನಾ ಯಾವಾಗಲೂ ನೀರಾಗ ತಗೊಂಡೇನಿ. ನಿಮಗ ಹೇಳಿದರ ಬೈತೀರಂತ ಹೇಳಿದ್ದಿಲ್ಲ" ಅಂದ. ಇಷ್ಟು ವರ್ಷ ನಾ ನೋಡೇನಿ, ಹಾಲಿಗೆ ಗತಿ ಇಲ್ಲದವರಿಗೆ ಲಗೂನ ಆರಾಮ ಆಗತಿತ್ತು. ಬಡವರ ಜೀವ ಗಟ್ಟಿ ಅಂದ್ಕೊಂಡಿದ್ದೆ. ಕಣ್ಣ ಮುಂದ ಇತ್ತು, ಓದಲಿಲ್ಲ ನಾ.

ಸಣ್ಣವ್ವ

*

ಬಾಗಲಕೋಟೆ
8 ನವೆಂಬರ್ 1983

ಸಣ್ಣವ್ವಾ,

"ಬಟ್ಟು ಐತಿ" ಅನ್ನೂದನ್ನ ಓದಿ ಮೆಸ್ಸಿನಾಗ ಎಲ್ಲಾರ ಮುಂದ ಅತ್ತೆ. ಅಡಗಿ ಬಾಳಮ್ಮ ಗಾಬರಿಯಾಗಿ ಎರಡು ರೊಟ್ಟಿ ಹೆಚ್ಚಿಗಿ ಹಾಕಿದಳು.

ನೀ ಮನಿ ಮನಿಗೆ ಹೋಗಿ ತಪ್ಪು ಅಂತ ಹೇಳಿದ್ದನ್ನ ರಾಚಯ್ಯ ಸರ್‌ಗೆ ಹೇಳಿದೆ. "ಪುಸ್ತಕದಾಗ ತಪ್ಪು ಬಂದರ ಹೊಸಾ ಎಡಿಷನ್ ತರಾಕ ಹತ್ತು ವರ್ಷ ತಗೋತಾರ. ನಿಮ್ಮ ಸಣ್ಣವ್ವ ಒಂದ ದಿನಕ್ಕ ತಂದ್ರು" ಅಂದ್ರು. ಮರುದಿನ ಆ ತಟ್ಟಿ ಹಿಡಕೊಂಡು ಕ್ಲಾಸಿಗೆ ವಿವರಿಸು ಅಂದ್ರು. ನಿಂತೆ. ಮಾರಿ ಮ್ಯಾಲೆ ಎಷ್ಟು ಅದಾವ ಅಂತ ಅವತ್ತ ಎಣಿಸಿರಲಿಲ್ಲ. ಯಾರೂ ನನ್ನ ಮಾರಿ ನೋಡಲಿಲ್ಲ, ಎಲ್ಲಾರೂ ತಟ್ಟಿ ನೋಡಿದರು. ನಾ ಪುಸ್ತಕದ ಮಾತು ಹೇಳಲಿಲ್ಲ. ನಿನ್ನ ಬಟ್ಟಿನ ಕಥಿ ಹೇಳಿದೆ. ಡಬ್ಬ್ಯಾಗಿನ ಉಳಿದ ಗುಳಿಗಿ ಕಾಸಿಂಬಿ ತಾನಾಗೇ ತಂದು ಸರ್ ಕೈಯಾಗ ಕೊಟ್ಟಳು. ನನಗ ಡಾಕ್ಟರು ಹಚ್ಚೂ ಮುಲಾಮು ಬರದು ಕೊಟ್ಟಾರ. ಹಗೂರಕ ಇಳೀತಾವಂತ, ಅವಸರ ಬ್ಯಾಡಂತ.

ಆದರ ಒಂದು ಮಾತು ಕುಂತರೂ ನಿಂತರೂ ಬಿಡವಲ್ದು. ಅವು ನನ್ನ ಗಲ್ಲದ ಮ್ಯಾಲಿನವ ಏನು? ನನ್ನಿಂದ ನಿನ್ನ ಗೆಣ್ಣು ಹೋತೇನು? ನಿಜ ಹೇಳು.

ಬನಿ

*

ಹುನಗುಂದ
20 ನವೆಂಬರ್ 1983

ಬನಿ,

ಇದು ನನ್ನ ಅಕ್ಷರ. ಪೆನ್ನು ಹಿಡಿಯೂ ಕೆಲಸ ನಡುಬಟ್ಟಿಗೆ ಒಪ್ಪಿಸೇನಿ. ಅದು ಇನ್ನೂ ಒಂದನೇ ಇಯತ್ತೆ, ನಗಬ್ಯಾಡ.

ನಿನ್ನ ಪ್ರಶ್ನೆ ಡಾಕ್ಟರಿಗೆ ಕೇಳಿದೆ. ಹೇಳಾಕ ಬರೂದಿಲ್ಲ ಅಂದ್ರು. ಆ ತಿಂಗಳು ನಾ ಮುಟ್ಟಿದ ಹುಣ್ಣು, ಕುರ, ಬಾವು ನಲವತ್ತಕ್ಕ ಕಡಿಮಿ ಇಲ್ಲ. ಅವರಾಗ ಅರ್ಧ ಮಂದಿ ಗುಳಿಗಿ ನಡುವ ಬಿಟ್ಟವರು. ಗಂಟಿನ ದಾರ ಮೋಸ ಮಾಡಾಕ ನಿನಗೊಬ್ಬಾಕಿಗೆ ಬರತೈತಿ ಅಂತ ತಿಳದೀಯೇನು? ಉಳಿದ ಅರ್ಧ ಮಂದಿ ನಾ ಹೇಳಿದಂಗ ಹಾಲಿನಾಗ ನುಂಗಿದವರು. ಅಂದ ಮ್ಯಾಲೆ ಅವು ನೀ ಸಾಕಿದವೋ, ನಾ ಸಾಕಿದವೋ? ನಿನ್ನ ಮಾರಿಗೆ ಅಷ್ಟು ದೊಡ್ಡಸ್ತಿಕಿ ಕೊಡಬ್ಯಾಡ. ನಿನ್ನಿಂದ ಏನು ಹೋತು ಅಂತ ನನಗ ಗೊತ್ತಿಲ್ಲ. ಏನು ಉಳೀತು ಅಂತ ಗೊತ್ತೈತಿ.

ಮೊನ್ನೆ ಮೊದಲನೇ ಹೆರಿಗಿ ಮಾಡಿಸಿದೆ. ತೋರುಬಟ್ಟಿಗೆ ತುದಿಯಾಗ ಏನೂ ತಿಳೀವಲ್ದು, ನಡುಬಟ್ಟಿಲೆ ನೋಡಿದೆ. ಒಂದು ತಾಸು ಬೇಕು ಅಂದೆ, ಅರ್ಧ ತಾಸಿಗೆ ಕೂಸು ಬಂತು. ಚಾ ಒಲಿ ಮ್ಯಾಲ ಇತ್ತು. "ಬಾಯಾರ, ನಿಮ್ಮ ಈ ಬಟ್ಟು ಇನ್ನೂ ಶಾಣ್ಯಾ ಆಗಬೇಕ್ರಿ" ಅಂದಳು ಆಕಿ ಅತ್ತಿ. ಎಲ್ಲಾರೂ ನಕ್ಕೆವು. ಹೆಣ್ಣು ಕೂಸು, ಆರಾಮ ಐತಿ, ತಾಯೀನೂ ಆರಾಮ.

ಇನ್ನೊಂದು. ಔಷಧದ ಡಬ್ಬ್ಯಾಗ ಬರೂ ತೆಳು ಕಾಗದ ನಾವು ಇಷ್ಟು ವರ್ಷ ಪುಡಿ ಕಟ್ಟಿ ಕೊಡಾಕ ಬಳಸ್ತಿದ್ವಿ. ಈಗ ಕಾಳಪ್ಪ ಒಂದೊಂದು ಔಷಧದ್ದು ಒಂದೊಂದು ತಗದು ಇಟ್ಟಾನ. ಮೂವತ್ತಾರು ಆಗ್ಯಾವ. ರಜೆ ಬಿಟ್ಟ ಕೂಡಲೇ ಬಾ. ನೀ ಓದಿ ಹೇಳು, ಅಂವ ಕನ್ನಡದಾಗ ಬರಕೋತಾನ, ನಾ ಕೇಳ್ತೇನಿ. ನಾ ಇನ್ನೂ ಏನೇನು ತಪ್ಪು ಹೇಳೇನಿ ನೋಡೂಣು.

ಇಲ್ಲಿ ಓದೂ ಮುಂದ ನನ್ನ ಮಾರಿ ನೋಡಿಕೊಂತ, ಇದನ್ನ ಹೇಳಲೋ ಬಿಡಲೋ ಅಂತ ತಡವರಿಸಬ್ಯಾಡ. ಜೋರಾಗಿ ಓದು. ಕಾಳಪ್ಪಗ ಒಂದು ಕಿವಿ ಮಂದ.

ಸಣ್ಣವ್ವ